ಫಿಯಟ್ಟಿಗೆ ಜೀಪಿನ ಎಂಜಿನ್

ಬೈರಾಪಟ್ಟಣದ ಕನಕರಾಜು ಬಿಡದಿಯ ಒಂದು ಕಾರು ಕಾರ್ಖಾನೆಯಲ್ಲಿ ಬಾಗಿಲುಗಳಿಗೆ ರಬ್ಬರು ಪಟ್ಟಿ ಕೂರಿಸುವ ಕೆಲಸದಲ್ಲಿದ್ದ. ವರ್ಷಗಟ್ಟಲೆಯ ನೌಕರಿಯಲ್ಲಿ ಅವನು ಎಂಜಿನ್ ಕಂಡದ್ದು ಊಟಕ್ಕೆ ಹೋಗುವ ದಾರಿಯಲ್ಲಿ, ಗಾಜಿನ ಆಚೆಗೆ ಮಾತ್ರ. ಆದರೂ ಊರಿನಲ್ಲಿ ಟ್ರ್ಯಾಕ್ಟರ್ ಕೆಮ್ಮಿದರೆ, ಪಂಪ್‌ಸೆಟ್ ನಿಂತರೆ ಜನ ಅವನನ್ನೇ ಕರೆಯುತ್ತಿದ್ದರು. ಅವನು ಹೋಗಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಗಾಳಿ ಹಿಡ್ಕಂಡೈತೆ" ಅನ್ನುತ್ತಿದ್ದ. ಆ ಮಾತು ಯಾವ ಯಂತ್ರಕ್ಕಾದರೂ ಹೊಂದುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಚನ್ನಪಟ್ಟಣದ ನಿವೃತ್ತ ಮೇಷ್ಟರೊಬ್ಬರ ಶೆಡ್ಡಿನಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೇ ಫಿಯಟ್ ಕಾರನ್ನು ಅವನು ಕೊಂಡದ್ದೂ ಈ ಹೆಸರು ಉಳಿಸಿಕೊಳ್ಳಲಿಕ್ಕೇ. ತಿಳಿಹಸಿರು ಬಣ್ಣ, ಸ್ಟೀರಿಂಗಿನ ಪಕ್ಕಕ್ಕೇ ಗೇರು. ತೊಳೆದು ನಿಲ್ಲಿಸಿದಾಗ ಊರೇ ಬಂದು ನೋಡಿತು. ಕೊರಗು ಒಂದೇ. ಹೆಂಡತಿ ವನಜಾಕ್ಷಿಯ ತವರು ಮಾಗಡಿ ತಾಲ್ಲೂಕಿನ ಕಲ್ಯ. ಆ ದಾರಿಯ ಏರಿನಲ್ಲಿ ಕಾರು ತೀರಾ ನಿಧಾನವಾಗುತ್ತಿತ್ತು. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡೊಂದು ಕಾರನ್ನು ದಾಟಿ ಹೋದ ದಿನ ಕನಕರಾಜುವಿಗೆ ಅನ್ನ ರುಚಿಸಲಿಲ್ಲ. ದೊಡ್ಡ ಎಂಜಿನ್ ಹಾಕಿಸಿಯೇ ಸೈ ಅಂದುಕೊಂಡ.

ಗುಜರಿಯಲ್ಲಿ ಜೀಪಿನ ಡೀಸೆಲ್ ಎಂಜಿನ್ನೊಂದು ಸಿಕ್ಕಿತು. ಅದನ್ನೂ ಅಳೆದ, ಬಾನೆಟ್ಟಿನ ಕೆಳಗಿನ ಜಾಗವನ್ನೂ ಅಳೆದ. ಸರಿಹೋಗುತ್ತೆ ಅನ್ನಿಸಿತು. ರಾಮನಗರದ ಮೆಕ್ಯಾನಿಕ್ ಸನಾವುಲ್ಲಾ ಎರಡನ್ನೂ ನೋಡಿ, ಫ್ಯಾನು, ರೇಡಿಯೇಟರ್ ಎಲ್ಲಿ ಕೂರುತ್ತವೆ ಎಂದು ಕೇಳಿದ. ಅವೆರಡನ್ನು ಕನಕರಾಜು ಮರೆತೇಬಿಟ್ಟಿದ್ದ. ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

"ನಾನು ಕಾರ್ ಫ್ಯಾಕ್ಟ್ರಿಯೋನು ಕಣಯ್ಯ. ನೀನು ಕತ್ತರಿಸು" ಅಂದ.

ಸನಾವುಲ್ಲಾ ಕತ್ತರಿಸಿದ. ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ಹಿಂದೆ ಸರಿಯಿತು. ರೇಡಿಯೇಟರ್ ಮುಂದಿನ ಜಾಲರಿಯಿಂದಾಚೆ ಬಂತು. ಬಾನೆಟ್ ಮುಚ್ಚಲಿಲ್ಲವೆಂದು ಅದಕ್ಕೊಂದು ದೊಡ್ಡ ತೂತು ಬಿತ್ತು. ಜೀಪಿನ ಗೇರಿನ ಕಡ್ಡಿ ನೆಲ ಸೀಳಿಕೊಂಡು, ವನಜಾಕ್ಷಿ ಕಾಲಿಡುವ ಕಡೆ ಎದ್ದು ನಿಂತಿತು. ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿದು, ಕಾರು ನೆಲ ಮೂಸುತ್ತಿರುವ ಹಾಗೆ ಕಂಡಿತು. ಸಮ ಮಾಡಲು ಡಿಕ್ಕಿಗೆ ಮರಳಿನ ಮೂಟೆ ಹಾಕಿದ್ದಾಯಿತು. ಊರಿಗೆ ತಂದು ನಿಲ್ಲಿಸಿದಾಗ, ಕುರಿ ಹೊಡೆದುಕೊಂಡು ಹೊರಟಿದ್ದ ಅಪ್ಪ ಬೀರಯ್ಯ ಕಾರನ್ನು ಒಂದು ಸುತ್ತು ಹಾಕಿ, ಏನೂ ಅನ್ನದೆ ಹೋದ. ಕನಕರಾಜು ಅದನ್ನು ಮೆಚ್ಚುಗೆ ಎಂದೇ ಲೆಕ್ಕ ಹಾಕಿಕೊಂಡ.

ಭಾಮೈದನ ನಿಶ್ಚಿತಾರ್ಥಕ್ಕೆ ಗಂಡ ಹೆಂಡತಿ ಅದರಲ್ಲೇ ಹೊರಟರು. ಏರಿನಲ್ಲಿ ಕನಕರಾಜು ಬಸ್ಸೊಂದನ್ನು ಹಿಂದೆ ಹಾಕಿದ. ಆ ಸುಖ ಒಂದು ತಿರುವಿನವರೆಗೆ ಇತ್ತು. ವನಜಾಕ್ಷಿ ಕಾಲು ಸುಡುತ್ತಿದೆಯೆಂದು ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ಎಂಜಿನ್ ಕೂರಿಸಿದ್ದ ಬೆಸುಗೆ ಬಿಟ್ಟು, ಫ್ಯಾನು ರೇಡಿಯೇಟರನ್ನು ತುರಿದು ಹಾಕಿತು. ಬಾನೆಟ್ಟಿನ ತೂತಿನಿಂದ ಹಬೆ ಎದ್ದಿತು.

ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಕಲ್ಯದವರೆಗೂ ಎಳೆದ. ಏರಿನುದ್ದಕ್ಕೂ ಲಾರಿ, ಬೈಕು, ಹಿಂದೆ ಹಾಕಿದ್ದ ಅದೇ ಬಸ್ಸು, ಎಲ್ಲ ದಾಟಿ ಹೋದವು. ಕನಕರಾಜು ತಲೆ ತಗ್ಗಿಸಿಕೊಂಡೇ ಇದ್ದ. ಕೊನೆಗೆ ಕದ್ದು ನೋಡಿದರೆ, ಯಾರೂ ಇವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಮೊದ್ಲೂ ಹಿಂಗೇ ಹತ್ತುತಿತ್ತು" ಅಂದಳು ವನಜಾಕ್ಷಿ. "ಆವಾಗ ಯಾರಾರ ನಕ್ಕಿದ್ರಾ?"

ಅವನು ಸ್ಟೀರಿಂಗ್ ತಿರುಗಿಸುವುದರಲ್ಲಿ ಬಹಳ ಮಗ್ನನಾಗಿರುವಂತೆ ನಟಿಸಿದ.

ಕಲ್ಯದಲ್ಲಿ ಮಾವ ಗಂಗಯ್ಯ ಬಾನೆಟ್ ಎತ್ತಿಸಿ ತುಂಬಾ ಹೊತ್ತು ನೋಡಿದರು. ಅಳಿಯನನ್ನು ಆಡಿಕೊಳ್ಳುವ ಜಾಯಮಾನವೇ ಅವರದಲ್ಲ. ನಿಜವಾಗಿಯೇ ಅರ್ಥವಾಗದೆ ಕೇಳಿದರು: "ಎಲ್ಲಾ ಇದೇ ತುಂಬ್ಕಂಡೈತಲ್ಲ, ಇನ್ನು ಜನ ಎಲ್ಲಿ ಕೂತ್ಕಳಾದು?"

ಕನಕರಾಜುವಿಗೆ ನಗು ತಡೆಯಲಾಗಲಿಲ್ಲ. ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಆಮೇಲೆ ನಿಶ್ಚಿತಾರ್ಥಕ್ಕೆ ಬಂದವರಿಗೆಲ್ಲ ತಾನೇ ಈ ಕಥೆ ಹೇಳಿದ, ಹೇಳಿದ ಹಾಗೆಲ್ಲ ತನ್ನ ಪೆದ್ದುತನವನ್ನು ಇನ್ನಷ್ಟು ಹಿಗ್ಗಿಸಿ.

ಜೀಪಿನ ಎಂಜಿನ್ ಕಲ್ಯದಲ್ಲೇ ಉಳಿದು ಮಾವನ ತೋಟಕ್ಕೆ ನೀರೆತ್ತುತ್ತಿದೆ. ಸನಾವುಲ್ಲಾ ಹಳೇ ಎಂಜಿನ್ನನ್ನೇ ಮತ್ತೆ ಕೂರಿಸಿ, ಬಾನೆಟ್ಟಿನ ತೂತಿಗೆ ತೇಪೆ ಹಾಕಿಕೊಟ್ಟ. ಈಗ ಮಾವಿನ ಕಾಲದಲ್ಲಿ ಆ ಏರು ಹತ್ತುವಾಗ, ರಸ್ತೆಬದಿ ಹಣ್ಣು ಮಾರುವವರ ಜೊತೆ ವನಜಾಕ್ಷಿ ಕಿಟಕಿಯಿಂದಲೇ ಚೌಕಾಸಿ ಮಾಡಿ, ಬುಟ್ಟಿ ಇಳಿಸಿಕೊಳ್ಳುತ್ತಾಳೆ. ಕಾರು ನಿಲ್ಲಿಸುವ ಅಗತ್ಯ ಇದುವರೆಗೆ ಬಿದ್ದಿಲ್ಲ.