ಹೊನ್ನ ಮಣ್ಣು ತುಂಬಿದ ಬಾವಿ

ಸಿದ್ದಾಪುರದ ಹೊನ್ನ ಬಾವಿ ತೋಡಲು ಹಾರೆ ಎತ್ತಿದನೆಂದರೆ ಪಾತಾಳದವರು ಮಾಡು ಸೋರುತ್ತದೆಂದು ಹಾಸಿಗೆ ಸುತ್ತಿಡುತ್ತಿದ್ದರಂತೆ. ಇಡಗುಂದಿಯಿಂದ ಮಂಚಿಕೇರಿಯವರೆಗೆ ಅವನು ತೋಡಿದ ಬಾವಿಗಳನ್ನೆಲ್ಲ ಒಂದರ ಮೇಲೊಂದು ನಿಲ್ಲಿಸಿದರೆ ಚಂದ್ರನ ಮೇಲಿನವರೂ ನೀರು ಸೇದಬಹುದಿತ್ತು. ನಲವತ್ತು ವರ್ಷದಲ್ಲಿ ಅವನು ಕಲಿತ ಮದ್ದು ಮಾತ್ರ ಒಂದೇ: ನೀರು ಬತ್ತಿದರೂ ಕೆಟ್ಟರೂ ಇನ್ನೆರಡು ಮೊಳ ಇಳಿಸು.

ಕಳೆದ ಬೇಸಿಗೆಯಲ್ಲಿ ತಂಗಿ ಮಮತಾ ಘಟ್ಟ ಹತ್ತಿ ಬಂದಳು. ಅವಳನ್ನು ಕೊಟ್ಟದ್ದು ಕುಮಟಾ ಕಡೆಗೆ, ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯ ಮನೆಗೆ. ಕೂರುವ ಮೊದಲೇ ಚೀಲದಿಂದ ಬಾಟಲಿ ತೆಗೆದಳು.

“ಕುಡಿ ನೋಡು ಅಣ್ಣ, ನಮ್ಮನೆ ಬಾವೀದು.”

ಹೊನ್ನ ಬಾಯಿಗೆ ಹಾಕಿದವನೇ ಅಂಗಳಕ್ಕೆ ಉಗಿದ. “ಎಂತದೆ ಮಾರಾಯ್ತಿ! ಇದ್ರಲ್ಲಿ ಮಾವಿನಮಿಡಿ ಹಾಕಿಟ್ರೆ ಮೂರು ವರ್ಷ ಕೆಡೂದಿಲ್ಲ.”

“ನಿಂಗೆ ತಮಾಷೆ. ಸಮುದ್ರ ವರ್ಷಾ ವರ್ಷಾ ಮೇಲೆ ಬರ್ತಾ ಉಂಟು. ಉಬ್ಬರದ ನೀರು ಈಗ ಬಸಳೆ ಚಪ್ಪರದ ಬುಡದಲ್ಲೇ ನಿಲ್ತದೆ. ಆಚೆಮನೆಯವ್ರು ಬಿಟ್ಟುಹೋದ್ರು. ಬಾವಿ ಸರಿಯಾಗದಿದ್ರೆ ನಾವೂ ಗಂಟುಮೂಟೆ ಕಟ್ಟೋದೇ.”

ಮರುದಿನವೇ ಹೊನ್ನ ಹಾರೆ ಸಮೇತ ಬಸ್ಸು ಹತ್ತಿದ. ಮೂರು ದಿನದಲ್ಲಿ ಎರಡು ಮೊಳ ಇಳಿಸಿದ. ನೀರೇನೋ ಧಾರಾಳ ಬಂತು. ಮಮತಾಳ ಗಂಡ ದಿನಕರ ಮೊದಲ ಕೊಡ ಸೇದಿ ರುಚಿ ನೋಡಿದ.

“ಭಾವ, ಇಷ್ಟು ದಿನ ಸಾರಿಗೆ ಉಪ್ಪು ಹಾಕೂದು ಬೇಡಾಗಿತ್ತು. ಇನ್ನು ಇದ್ರಲ್ಲೇ ಬಂಗಡೆ ಸಾಕಬಹುದು.”

ಮಮತಾ ನಗಲಿಲ್ಲ. ಅಟ್ಟದಿಂದ ಖಾಲಿ ಚೀಲಗಳನ್ನು ಇಳಿಸತೊಡಗಿದಳು.

ಹೊನ್ನನ ಮೀಸೆ ಮೊಳದುದ್ದ ಜೋತುಬಿತ್ತು. ಎರಡು ದಿನ ಬಾವಿಕಟ್ಟೆ ಬಿಟ್ಟೇಳಲಿಲ್ಲ. ಸಿಟ್ಟಿಗಿಂತ ಕುತೂಹಲ ಹೆಚ್ಚು: ಈ ಉಪ್ಪು ಯಾವ ದಾರಿಯಿಂದ ಬಂತು? ಉಬ್ಬರವಾದಾಗ ಬಾವಿಯ ನೀರೂ ಒಂದು ಗೇಣು ಏರುತ್ತಿತ್ತು, ಇಳಿತವಾದಾಗ ತಾನೂ ಇಳಿಯುತ್ತಿತ್ತು. ಅವನು ಇಳಿದು ಮೇಲಿನ ನೀರನ್ನು ಕರಟದಲ್ಲಿ ಮೆಲ್ಲಗೆ ಮೊಗೆದು ಕುಡಿದ, ಉಪ್ಪು ಕಡಿಮೆ. ಬಿರಡೆ ಹಾಕಿದ ಬಾಟಲಿಗೆ ಕಲ್ಲು ಕಟ್ಟಿ ತಳಕ್ಕಿಳಿಸಿ, ಅಲ್ಲಿ ಬಿರಡೆಗೆ ಕಟ್ಟಿದ್ದ ದಾರ ಎಳೆದು ತೆರೆದ. ಮೇಲೆ ಬಂದದ್ದು ಅಪ್ಪಟ ಸಮುದ್ರ!

ಹಾಗಾದರೆ ಸಿಹಿನೀರು ಉಪ್ಪುನೀರಿನ ಮೇಲೆ ಮಜ್ಜಿಗೆಯ ತಿಳಿಯಂತೆ ತೇಲುತ್ತಿದೆ. ಸಮುದ್ರ ಅಡಿಯಿಂದ ಏರುತ್ತಿದೆ. ನಾನೇ ಕೆಳಗಿಳಿದು ಅದಕ್ಕೆ ಬಾಗಿಲು ತೆಗೆದುಕೊಟ್ಟೆ!

“ತಂಗಿ, ಬುಟ್ಟಿ ತಾ. ತುಂಬ್ತೆ.”

“ಎಂತ ತುಂಬ್ತಿ?”

“ಬಾವಿ.”

ದಿನಕರ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಾವಿ ಮುಚ್ಚೂಕೆ ಸಿದ್ದಾಪುರದಿಂದ ಜನ ಬರ್ಬೇಕಾಯ್ತಾ ಭಾವ?”

ಹೊನ್ನ ಆ ಬಾಗಿಲು ಮುಚ್ಚಲು ಜೇಡಿಮಣ್ಣು ಹೊತ್ತು ತಂದ. ಮೊದಲ ಬುಟ್ಟಿ ಸುರಿಯುವಾಗ ಮುಖ ಆಚೆ ತಿರುಗಿಸಿದ. ತಾನು ಇಳಿಸಿದ ಎರಡು ಮೊಳವನ್ನೂ, ಅದರ ಮೇಲೆ ಮತ್ತೆರಡು ಮೊಳವನ್ನೂ ತುಂಬಿದ. “ಪಂಪು ಹಾಕ್ಬೇಡಿ, ಅಡಿಯ ಉಪ್ಪನ್ನ ಎಳೀತದೆ; ಕೊಡದಲ್ಲೇ ಸೇದಿ. ಮಾಡಿನ ಮಳೆನೀರನ್ನ ಹಿತ್ತಲ ಗುಂಡಿಗೆ ಬಿಡಿ, ಇಂಗ್ಲಿ,” ಎಂದು ಹೇಳಿ ಊರಿಗೆ ಬಂದ.

ಮಳೆಗಾಲ ಕಳೆದ ಮೇಲೆ ಮಮತಾ ಮತ್ತೆ ಬಂದಳು, ಬಾಟಲಿಯೊಂದಿಗೆ. ಹೊನ್ನ ಕುಡಿದ. ಉಗಿಯಲಿಲ್ಲ. ನಾಲಿಗೆಯ ತುದಿಯಲ್ಲಿ ಮಾತ್ರ ಚೂರು ಉಪ್ಪು.

“ಚೀಲ ಮತ್ತೆ ಅಟ್ಟಕ್ಕೆ ಹಾಕ್ದೆ,” ಎಂದಳು. “ಈ ನೀರು ಎಷ್ಟು ವರ್ಷ ಬರ್ತದೆ ಅಣ್ಣ?”

“ಈಗ ಆಳ ಎಷ್ಟು ಉಳ್ದದೆ?”

“ಆರು ಮೊಳ.”

ಹೊನ್ನ ಬೆರಳು ಮಡಚಿ ಲೆಕ್ಕ ಹಾಕಿದ. “ಸಮುದ್ರ ಏರಿದ ಹಾಗೆ ಇನ್ನೆರಡು ಸಲ ತುಂಬಬಹುದು,” ಎಂದವನು ಹಾರೆಯನ್ನು ಮೂಲೆಗೆ ಸರಿಸಿ, ಬುಟ್ಟಿಯನ್ನು ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿದ.