ಶ್ರಾವಣದಲ್ಲಿ ಒಣಗಿದ ದ್ರಾಕ್ಷಿ

ಹೋದ ವರ್ಷ ವಿಜಯಪುರದಲ್ಲಿ ಶಾಹೀನಳ ಹೊಸ ಪತ್ತೇದಾರಿ ಕಾದಂಬರಿ ಬಿಡುಗಡೆಯಾಯಿತು. ಪುಸ್ತಕದ ಬಗ್ಗೆ ಮಾತನಾಡಲು ನನ್ನನ್ನೇ ಕರೆದಿದ್ದಳು. ಆ ಸಂಜೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶಾಹೀನ ಇದೇ ವಿಜಯಪುರದ ಜಲನಗರದ ಹುಡುಗಿ. ವಕೀಲಿ ಕಲಿತದ್ದು ನನ್ನ ಕೈಕೆಳಗೆ. ಅರ್ಜಿ ಬರೆಯುವುದರಿಂದ ಹಿಡಿದು ಪಾಟೀಸವಾಲಿನವರೆಗೆ ಎಲ್ಲವನ್ನೂ ತಿದ್ದಿದವನು ನಾನು. ಆಮೇಲೆ ಒಮ್ಮೆ ಟಿವಿಯವರು ಯಾವುದೋ ತೀರ್ಪಿನ ಬಗ್ಗೆ ಅವಳನ್ನು ಕೇಳಿದರು. ಅಂದಿನಿಂದ ದೊಡ್ಡ ತೀರ್ಪು ಬಂದಾಗಲೆಲ್ಲ ಟಿವಿಯಲ್ಲಿ ಅವಳೇ. ಸಾಲದ್ದಕ್ಕೆ ಕಾದಂಬರಿ ಬೇರೆ. ನನ್ನ ಕಕ್ಷಿದಾರರು ನನ್ನೆದುರೇ ಕೂತು, "ಶಾಹೀನ ಮೇಡಂ ನಿಮ್ಮ ಕಡೇನ ಕಲಿತಾರಂತಲ್ರಿ?" ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೇ ಹೊಟ್ಟೆಕಿಚ್ಚುಪಡುತ್ತಿದ್ದೆ. ಮನೆಯಲ್ಲೂ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಅವಳ ಮಾತು ಕೇಳುವಳು. ನಾನು ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದೆ.

ಪುಸ್ತಕವನ್ನು ಮೊದಲೇ ಕಳಿಸಿದ್ದಳು. ನಾನು ಅದನ್ನು ಓದಲಿಲ್ಲ, ತಪಾಸಣೆ ಮಾಡಿದೆ. ಒಂದೇ ಒಂದು ತಪ್ಪು ಸಿಗಲಿ, ಗುರು ಯಾರು ಶಿಷ್ಯೆ ಯಾರು ಎಂಬುದನ್ನು ನಾಲ್ಕು ಜನರ ಮುಂದೆ ತೋರಿಸುತ್ತೇನೆ ಎಂಬ ಹಟ. ಕಥೆ ತಿಕೋಟಾದ್ದು, ದ್ರಾಕ್ಷಿ ಬೆಳೆಗಾರನೊಬ್ಬನ ಕೊಲೆ. ನಾನು ಹುಟ್ಟಿ ಬೆಳೆದದ್ದೇ ತಿಕೋಟಾದ ದ್ರಾಕ್ಷಿ ತೋಟದಲ್ಲಿ. ಪುಸ್ತಕದ ನಡುವೆ ಪಕ್ಕದ ತೋಟದವನು ಪೊಲೀಸರಿಗೆ ಹೇಳಿಕೆ ಕೊಡುತ್ತಾನೆ. ಕೊಲೆಯಾದ ಆ ಶ್ರಾವಣದ ಮಧ್ಯಾಹ್ನ ತಾನು ಶೆಡ್ಡಿನಲ್ಲಿ ಒಣಗಲು ಹಾಕಿದ್ದ ದ್ರಾಕ್ಷಿ ನೋಡಿಕೊಳ್ಳುತ್ತಿದ್ದೆ ಎನ್ನುತ್ತಾನೆ. ನಾನು ಕುಣಿಯುವುದೊಂದು ಬಾಕಿ. ನಮ್ಮಲ್ಲಿ ದ್ರಾಕ್ಷಿ ಒಣಗಿಸುವುದು ಬೇಸಿಗೆಯಲ್ಲಿ. ಶ್ರಾವಣದಲ್ಲಿ ಶೆಡ್ಡು ಖಾಲಿ ಬಿದ್ದಿರುತ್ತದೆ. ಪ್ಯಾಟೆಯ ಹುಡುಗಿಗೆ ಇದೆಲ್ಲಿ ಗೊತ್ತಿರಬೇಕು?

ಎದುರು ಪಾರ್ಟಿಯ ಸಾಕ್ಷಿಯ ಹೇಳಿಕೆಯಲ್ಲಿ ಒಂದು ಹುಳುಕು ಸಿಕ್ಕರೆ ಪುಟದ ಮೂಲೆ ಮಡಚಿ ಕಾಗದ ಮುಚ್ಚಿಡುವುದು ನನ್ನ ರೂಢಿ. ಕೋರ್ಟಿನಲ್ಲಿ ಅಷ್ಟು ಸಾಕಾಗುತ್ತದೆ. ಈ ಪುಸ್ತಕವನ್ನೂ ಅಲ್ಲಿಗೇ ಮುಚ್ಚಿಟ್ಟೆ.

ಅಥಣಿ ರಸ್ತೆಯ ಸಭಾಂಗಣ ಕಿಕ್ಕಿರಿದಿತ್ತು. ಶಾಸ್ತ್ರಕ್ಕೆ ಎರಡು ಮಾತು ಹೊಗಳಿ, ಮಡಚಿದ ಪುಟ ತೆಗೆದು ಆ ಸಾಲನ್ನು ಓದಿದೆ. ಶ್ರಾವಣದಲ್ಲಿ ದ್ರಾಕ್ಷಿ ಒಣಗಿಸುವ ಊರನ್ನು ಲೇಖಕಿ ಎಲ್ಲಿ ಕಂಡರೋ ಎಂದೆ. ಮುಂದೆ ಕೂತಿದ್ದ ವಕೀಲ ಮಿತ್ರರು ನಕ್ಕರು. ನನಗಾದ ಖುಷಿ ಹೇಳತೀರದು.

ಅಷ್ಟರಲ್ಲಿ ಬಬಲೇಶ್ವರದಿಂದ ಬಂದಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕೂತಲ್ಲಿಂದಲೇ ಹೇಳಿದರು, "ಹಂಗಾದ್ರ ಅಂವಾ ಸುಳ್ಳ ಹೇಳ್ಯಾನ್ರಿ. ಕೊಲಿ ಮಾಡಿದಾಂವ ಅವನ ಇರಬೇಕು."

ಎಲ್ಲರೂ ಶಾಹೀನಳತ್ತ ನೋಡಿದರು. ಅವಳ ಮುಖವೇ ಹೌದು ಎಂದಿತು. ತಪ್ಪು ಎಂದು ನಾನು ಎತ್ತಿ ತೋರಿಸಿದ್ದು ಅವಳು ಬೇಕೆಂದೇ ಇಟ್ಟ ಸುಳಿವು. ಜನ ಪುಸ್ತಕ ಕೈಗೆತ್ತಿಕೊಳ್ಳುವ ಮೊದಲೇ ಕೊಲೆಗಾರನನ್ನು ಹಿಡಿದುಕೊಟ್ಟಿದ್ದೆ. ಸಭೆ ಹೋ ಎಂದು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶಾಹೀನ ಎದ್ದು ಮೈಕು ತೆಗೆದುಕೊಂಡಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಚ್ಚಿಗೆ ಹೋಗೂಕಿಂತ ಮೊದಲ ಓದಿದವರ್ಯಾರೂ ಈ ಸುಳ್ಳ ಹಿಡೀಲಿಲ್ರಿ. ನಮ್ಮ ಸರ ಹಿಡದ್ರು. ಯಾರು ಅನ್ನೂದು ನಿಮಗೀಗ ಗೊತ್ತಾತು. ಯಾಕ ಅನ್ನೂದು ಪುಸ್ತಕದಾಗ ಐತಿ."

ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಜನ ಪುಸ್ತಕಕ್ಕೆ ಮುಗಿಬಿದ್ದರು. ನನ್ನ ಮಾನ ಉಳಿಸಿದ್ದೂ ಅವಳೇ, ಸಭೆ ಗೆದ್ದದ್ದೂ ಅವಳೇ. ಅದಕ್ಕೂ ನನಗೆ ಉರಿಯಿತು.

ಮನೆಗೆ ಬಂದವನೇ ಮಡಚಿದ ಪುಟದಿಂದ ಮುಂದೆ ಓದಿದೆ. ಸತ್ತವನು ದ್ರಾಕ್ಷಿ ಬೆಳೆಯುವುದನ್ನು ಕಲಿತದ್ದು ಆ ಪಕ್ಕದ ತೋಟದವನಿಂದಲೇ. ಬರಬರುತ್ತಾ ಕಲಿಸಿದವನಿಗಿಂತ ಚೆನ್ನಾಗಿ ಬೆಳೆದ. ಕೊಲೆಗೆ ಅದೇ ಕಾರಣ, ಬೇರೇನೂ ಇಲ್ಲ.

ಮಡಚಿದ್ದ ಮೂಲೆ ಬಿಡಿಸಿ ಪುಸ್ತಕ ಮುಚ್ಚಿದೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಈಗಲೂ ಅವಳು ಟಿವಿಯಲ್ಲಿ ಬಂದರೆ ಒಳಗೆ ಚುರುಕ್ಕೆನ್ನುತ್ತದೆ, ಆದರೆ ಪೇಪರ್ ಕೆಳಗಿಟ್ಟು ಕೇಳುತ್ತೇನೆ. ನನ್ನ ಹೊಟ್ಟೆಯೊಳಗಿನದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮಾತನಾಡಲು ನನ್ನನ್ನೇ ಕರೆದಿದ್ದಳು.