ನಾಲಿಗೆಯಣ್ಣನ ಎರಡು ಲೋಟ

ನಮ್ಮ ಮಾವನ್ನ ಡೈರೀಲಿ ಯಾರೂ ಹೆಸರು ಹಿಡಿದು ಕರೆಯಲ್ಲ. ಟ್ಯಾಂಕರ್ ಡ್ರೈವರ್‌ಗಳಿಂದ ಹಿಡಿದು ಮ್ಯಾನೇಜರ್‌ವರೆಗೂ ಎಲ್ರಿಗೂ ಅವರು ನಾಲಿಗೆಯಣ್ಣ. ಹಾಗಂತ ಬಾಯಿ ಜೋರು ಅಂದ್ಕೋಬೇಡಿ, ಮಾತು ಕಮ್ಮಿ ಮನುಷ್ಯ. ಅಮ್ಮನ ಅಣ್ಣ ಅವರು, ಮದುವೆ ಮಾಡ್ಕೊಳ್ಳದೆ ನಮ್ಮನೆ ಮಹಡಿ ರೂಮಲ್ಲೇ ಇದ್ದಾರೆ. ಅವರ ಕೆಲಸ ಹಾಲಿನ ರುಚಿ ನೋಡೋದು. ಇಂಥ ಕೆಲಸಾನೂ ಇರುತ್ತಾ ಅಂತ ನನ್ನ ಫ್ರೆಂಡ್ಸ್ ನಗ್ತಾರೆ. ಇರುತ್ತೆ ಕಣ್ರೀ.

ಬೆಳಿಗ್ಗೆ ಹಾಲು ಬಂದಿಳಿಯೋ ಕಟ್ಟೆ ಮೇಲೆ ನಿಂತಿರ್ತಾರೆ. ಕ್ಯಾನ್ ಮುಚ್ಚಳ ತೆಗೆದ ತಕ್ಷಣ ಮೊದಲು ಮೂಗು. ಅನುಮಾನ ಬಂದ್ರೆ ಒಂದು ಸೌಟು ತೆಗೆದು, ಅಲ್ಲೇ ಇರೋ ಪುಟ್ಟ ಸ್ಟೌ ಮೇಲೆ ಕಾಯಿಸಿ, ಆರಿಸಿ, ಬಾಯಲ್ಲಿ ಹೊರಳಿಸಿ ಪಕ್ಕದ ಬಕೆಟ್‌ಗೆ ಉಗುಳ್ತಾರೆ. ಕೊಬ್ಬು ಎಷ್ಟು, ನೀರು ಬೆರೆಸಿದಾರಾ ಅನ್ನೋದನ್ನ ಮಿಷಿನ್ ಹೇಳುತ್ತೆ. ಆದ್ರೆ ಹಸು ಏನೋ ಕಹಿ ಸೊಪ್ಪು ತಿಂದಿದೆ, ಕ್ಯಾನ್ ಸರಿಯಾಗಿ ತೊಳೆದಿಲ್ಲ, ರಾತ್ರಿಯಿಡೀ ಹಾಲು ಸೀಮೆಎಣ್ಣೆ ಪಕ್ಕ ಇತ್ತು, ಇದೆಲ್ಲ ಮಾವನೇ ಹೇಳ್ಬೇಕು.

ಕಾಲೇಜು ರಜೇಲಿ ನಾನೂ ಅಲ್ಲಿ ಕ್ಯಾನ್ ನಂಬರ್ ಬರ್ಕೊಳ್ಳೋ ಕೆಲಸಕ್ಕೆ ಹೋಗಿದ್ದೆ. ಆಗಲೇ ನಾನು ಮಾವನ ಫ್ಯಾನ್ ಆಗಿದ್ದು.

ಒಬ್ಬ ಡ್ರೈವರ್ ಹೇಳ್ತಿದ್ದ, "ನಾಲಿಗೆಯಣ್ಣ, ನಿಮ್ಮನ್ನ ಊಟಕ್ಕೆ ಕರಿಯೋಕೆ ನನ್ನ ಹೆಂಡ್ತಿಗೆ ಭಯ."

"ಧೈರ್ಯವಾಗಿ ಕರೀಲಿ. ಸಂಬಳ ಇಲ್ಲದ ಕಡೆ ನಾನು ರುಚಿ ಹೇಳಲ್ಲ."

ಅಲ್ಲಿ ನಾನೊಂದು ಗಮನಿಸಿದ್ದೆ. ಹಾಲು ಕೆಟ್ಟಿದ್ರೆ, ಸಪ್ಪೆ ಇದ್ರೆ, ಮಾವ ಹಿಂಗೈಯಿಂದ ತುಟಿ ಒರೆಸ್ಕೋತಾರೆ. ಚೆನ್ನಾಗಿದ್ರೆ ಅವರ ಉಂಗುರದ ಬೆರಳು ತಾನಾಗೇ ಹೋಗಿ ಕ್ಯಾನಿನ ಅಂಚನ್ನ ಟಣ್ ಅಂತ ಒಂದ್ಸಲ ತಟ್ಟುತ್ತೆ. ಹಾಗೆ ಮಾಡ್ತೀನಿ ಅಂತ ಅವರಿಗೇ ಗೊತ್ತಿಲ್ಲ. ನಾನೂ ಹೇಳ್ಲಿಲ್ಲ, ಹೇಳಿದ್ರೆ ನಿಂತುಹೋಗುತ್ತೆ ಅಂತ.

ಇನ್ನು ಅಮ್ಮ. ಅಮ್ಮನಿಗೆ ಒಂದು ಚಾಳಿ, ಏನು ಸಿಕ್ಕಿದ್ರೂ ಅರ್ಧ ಅಣ್ಣನಿಗೆ. ಚಿಕ್ಕವಳಿದ್ದಾಗ ಜ್ವರ ಬಂದು ಮಾತ್ರೆ ಕೊಟ್ರೆ, ಅದನ್ನೂ ಮುರಿದು ಅರ್ಧ ಮಾವನ ಬಾಯಿಗೆ ತುರುಕಿದ್ಳಂತೆ. "ನಿನ್ನ ತಂಗಿ ಜ್ವರ ಬಿಡಲಿಲ್ಲ, ನಿಂಗೆ ಇಲ್ಲದ ಜ್ವರ ಬಿಡ್ತು" ಅಂತ ದೊಡ್ಡ ಮಾವ ಆಡ್ಕೋತಿದ್ರು.

ಆ ದೊಡ್ಡ ಮಾವ, ಅಂದ್ರೆ ಇವರಿಬ್ಬರ ಹಿರಿಯಣ್ಣ, ಕರುಳಿನ ಕ್ಯಾನ್ಸರಲ್ಲಿ ಹೋದ್ರು. ರಕ್ತ ಹೋಗ್ತಿದ್ದನ್ನ ನಾಚ್ಕೊಂಡು ಯಾರಿಗೂ ಹೇಳಿರ್ಲಿಲ್ಲ. ಹೇಳೋ ಹೊತ್ತಿಗೆ ಕೈ ಮೀರಿತ್ತು.

ಇದು ಮನೆತನದಲ್ಲಿ ಬರಬಹುದು, ನೀವಿಬ್ರೂ ತೋರಿಸ್ಕೊಳ್ಳಿ ಅಂದ್ರು ದೊಡ್ಡ ಮಾವನ್ನ ನೋಡ್ತಿದ್ದ ಡಾಕ್ಟ್ರಮ್ಮ. ಕ್ಯಾಮೆರಾ ಇರೋ ಪೈಪ್ ಬಿಟ್ಟು ನೋಡಿದ್ರೆ ಇಬ್ಬರ ಕರುಳಲ್ಲೂ ಗಂಟುಗಳು. ದೊಡ್ಡವನ್ನ ತೆಗೆದ್ರು. ತೀರಾ ಸಣ್ಣವನ್ನ ಬಿಟ್ಟು, ವರ್ಷ ಬಿಟ್ಟು ಮತ್ತೆ ನೋಡೋಣ ಅಂದ್ರು. ಅಮ್ಮನ ಮುಖ ಬಿಳಿಚಿಕೊಂಡಿತ್ತು. ಮಾವ ಸುಮ್ಮನೆ ಗೋಡೆ ಗಡಿಯಾರ ನೋಡ್ತಾ ಕೂತಿದ್ರು.

ಆಗ ಡಾಕ್ಟ್ರಮ್ಮ ಒಂದು ವಿಷಯ ಹೇಳಿದ್ರು. ಹಾಲಲ್ಲಿರೋ ಒಂದು ಪ್ರೋಟೀನು ಇಂಥ ಗಂಟು ಬೆಳಿಯೋದನ್ನ ತಡೆಯಬಹುದು ಅಂತ ಲ್ಯಾಬಲ್ಲಿ ಸುಳಿವು ಸಿಕ್ಕಿದೆ, ಮನುಷ್ಯರಲ್ಲಿ ಖಾತ್ರಿ ಇಲ್ಲ, ಅದಕ್ಕೇ ಒಂದು ಪರೀಕ್ಷೆ ಮಾಡ್ತಿದೀವಿ ಅಂತ. ಅರ್ಧ ಜನಕ್ಕೆ ಆ ಪ್ರೋಟೀನಿನ ಪುಡಿ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅಷ್ಟೇ ಸಿಹಿಯ ಖಾಲಿ ಪುಡಿ.

"ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ. ಒಬ್ಬರದ್ದು ಇನ್ನೊಬ್ಬರು ಕುಡಿಯೋ ಹಾಗಿಲ್ಲ. ಬೇರೆ ಪುಡಿ ತಗೊಳ್ಳೋ ಹಾಗೂ ಇಲ್ಲ. ಒಪ್ಪಿಗೆನಾ?"

ಇಬ್ಬರೂ ತಲೆ ಆಡಿಸಿದ್ರು. ಡಾಕ್ಟ್ರಮ್ಮಂಗೆ ಮಾವ ಏನು ಕೆಲಸ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಮಾವನೂ ಹೇಳ್ಲಿಲ್ಲ, ಅವರಿಗೆ ಹೊಳೀಲೂ ಇಲ್ಲವೇನೋ.

ಅಮ್ಮನಿಗೆ ಮಾತ್ರ ಹೊಳೀತು. ಮೊದಲ ದಿನಾನೇ ಅಡುಗೆಮನೆ ಮೇಜಿನ ಮೇಲೆ ಎರಡು ಲೋಟ ಇಟ್ಳು. ಒಂದರಲ್ಲಿ ಅವಳ ಪುಡಿ ಕಲಸಿತ್ತು, ಇನ್ನೊಂದರಲ್ಲಿ ಮಾವನದು.

"ಅಣ್ಣ, ಎರಡೂ ರುಚಿ ನೋಡಿ ಹೇಳು."

"ಡಾಕ್ಟ್ರಮ್ಮ ಬೇಡ ಅಂದಿದಾರಲ್ಲ, ಪುಟ್ಟಿ."

"ಕುಡೀಬಾರ್ದು ಅಂದಿದಾರೆ. ನೀನು ಉಗುಳ್ತೀಯಲ್ಲ."

"ಗೊತ್ತಾಗಿ ಏನು ಮಾಡ್ತೀಯ?"

"ಯಾರದ್ದು ಅಸಲಿನೋ ಅದನ್ನ ಇಬ್ಬರೂ ಅರ್ಧರ್ಧ ಕುಡಿಯೋದು. ಒಬ್ಬ ಅಣ್ಣನ್ನ ಕಳ್ಕೊಂಡಿದ್ದು ಸಾಕು ನಂಗೆ. ನೀನು ಹೇಳೋವರೆಗೂ ನಾನು ಇದನ್ನ ಮುಟ್ಟಲ್ಲ."

ಮುಟ್ಟಲ್ಲ ಅಂದ್ರೆ ಮುಟ್ಟಲ್ಲ, ಅದು ಮಾವಂಗೂ ಗೊತ್ತು. ತಮ್ಮ ಲೋಟ ಎತ್ತಿ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಸಿಂಕಿಗೆ ಉಗುಳಿದ್ರು. ಹಿಂಗೈಯಿಂದ ತುಟಿ ಒರೆಸ್ಕೊಂಡ್ರು. ಬಾಯಿ ಮುಕ್ಕಳಿಸಿ ಅಮ್ಮನ ಲೋಟ ಎತ್ತಿದ್ರು. ಹೊರಳಿಸಿದ್ರು, ಉಗುಳಿದ್ರು. ಉಂಗುರದ ಬೆರಳು ಸ್ಟೀಲ್ ಲೋಟದ ಅಂಚಿಗೆ ಹೋಗಿ ಟಣ್ ಅಂತು.

"ಎರಡೂ ಒಂದೇ. ಯಾವ ವ್ಯತ್ಯಾಸಾನೂ ಇಲ್ಲ. ನಿಂದು ನೀನು ಕುಡಿ, ನಂದು ನಾನು ಕುಡೀತೀನಿ."

ಅಮ್ಮ ನಂಬಿದ್ಳು. ಹಾಲಿನ ವಿಷಯದಲ್ಲಿ ಅವರ ಮಾತನ್ನ ಊರೇ ನಂಬುತ್ತೆ, ಅವಳು ನಂಬದೇ ಇರ್ತಾಳಾ. ಅಷ್ಟನ್ನೂ ಗಟಗಟ ಕುಡಿದ್ಳು. ಮಾವನೂ ತಮ್ಮದನ್ನ ತಳ ಕಾಣೋವರೆಗೆ ಕುಡಿದು ಲೋಟ ತೊಳೆದಿಟ್ರು.

ನಾನು ಗೇಟಿನ ತನಕ ಅವರ ಹಿಂದೇನೇ ಹೋದೆ. "ಮಾವ, ನಿಮ್ಮದು ಖಾಲಿ ಪುಡಿ ಅಲ್ವಾ?"

ಸೈಕಲ್ ಸ್ಟ್ಯಾಂಡ್ ತೆಗಿತಾ ನನ್ನ ಕಡೆ ನೋಡಿದ್ರು. ಹೇಗೆ ಗೊತ್ತಾಯ್ತು ಅಂತ ಕೇಳ್ಲಿಲ್ಲ.

"ನಿಮ್ಮಮ್ಮಂಗೆ ಹೇಳ್ಬೇಡ. ಅರ್ಧ ನಂಗೆ ಸುರಿದುಬಿಡ್ತಾಳೆ. ಆಮೇಲೆ ಅವಳಿಗೂ ಸಾಲಲ್ಲ, ನಂಗೂ ಸಾಲಲ್ಲ."

"ಹಾಗಾದ್ರೆ ಅಂಗಡೀಲಿ ಅಂಥದ್ದೇ ಏನಾದ್ರೂ ತಗೊಂಡು ಕುಡೀರಿ. ಯಾರು ನೋಡ್ತಾರೆ?"

"ಜೀವಮಾನವೆಲ್ಲ ನೀರು ಬೆರೆಸಿದ ಕ್ಯಾನ್ ವಾಪಸ್ ಕಳಿಸಿದವನು ನಾನು. ಈಗ ನಾನೇ ಬೆರೆಸ್ಲಾ? ಅದು ಕೆಲಸ ಮಾಡುತ್ತೋ ಇಲ್ವೋ ಅಂತ ತಿಳಿಬೇಕಂದ್ರೆ ಯಾರಾದ್ರೂ ಖಾಲಿದನ್ನೂ ಕುಡೀಬೇಕಲ್ಲ, ಮಗು." ಪೆಡಲ್ ಮೇಲೆ ಕಾಲಿಟ್ಟವರು ಮತ್ತೆ ತಿರುಗಿ, "ನಂಗೇನು ಭಯ ಇಲ್ಲ ಅಂದ್ಕೋಬೇಡ" ಅಂದ್ರು. ಅಷ್ಟು ಹೇಳಿ ಹೊರಟುಹೋದ್ರು.

ವರ್ಷವಿಡೀ ಪ್ರತಿ ಬೆಳಿಗ್ಗೆ ಆ ಎರಡು ಲೋಟ ಮೇಜಿನ ಮೇಲೆ ಇರ್ತಿದ್ವು. ಏನೂ ಇಲ್ಲದ ಪುಡೀನ ಒಂದು ದಿನಾನೂ ತಪ್ಪಿಸದೆ ಮಾವ ಕುಡೀತಿದ್ರೆ, ನಂಗೆ ಎದುರಿಗೆ ಕೂತ್ಕೊಳ್ಳೋಕೇ ಆಗ್ತಿರ್ಲಿಲ್ಲ.

ವರ್ಷ ಕಳೆದು ಮತ್ತೆ ಪೈಪ್ ಬಿಟ್ಟು ನೋಡಿದ್ರು. ಅಮ್ಮನ ಸಣ್ಣ ಗಂಟುಗಳು ಇದ್ದ ಹಾಗೇ ಇದ್ವು. ಮಾವನವು ಬೆಳೆದಿದ್ವು. ಒಂದರಲ್ಲಿ ಕ್ಯಾನ್ಸರ್ ಶುರುವಾಗಿ ಪಕ್ಕಕ್ಕೂ ಹಬ್ಬಿತ್ತು. ಕರುಳಿನ ಒಂದು ತುಂಡನ್ನೇ ಕತ್ತರಿಸಿ ತೆಗೆದ್ರು, ಆಮೇಲೆ ಡ್ರಿಪ್ಪಲ್ಲಿ ಔಷಧಿ ಹಾಕೋಕೆ ಶುರು ಮಾಡಿದ್ರು. ಇನ್ನು ಕದ್ದುಮುಚ್ಚಿ ಪ್ರಯೋಜನ ಇಲ್ಲ ಅಂತ ಡಾಕ್ಟ್ರಮ್ಮ ಮೇಲಿನವರನ್ನ ಕೇಳಿ, ಇಬ್ಬರಿಗೂ ಯಾವ ಪುಡಿ ಕೊಟ್ಟಿದ್ರು ಅಂತ ತಿಳ್ಕೊಂಡು ಹೇಳಿದ್ರು. ಅಮ್ಮನದು ಅಸಲಿ, ಮಾವನದು ಖಾಲಿ.

ಅಮ್ಮ ಅಲ್ಲೇ, ಆಸ್ಪತ್ರೆ ಮಂಚದ ಪಕ್ಕ ನಿಂತು ಕೇಳಿದ್ಳು. "ನಿಂಗೆ ಗೊತ್ತಿತ್ತಾ?"

ಮಾವ ಗೋಡೆ ಗಡಿಯಾರದ ಕಡೆ ಮುಖ ತಿರುಗಿಸಿದ್ರು.

"ನಂಗೆ ಸುಳ್ಳು ಹೇಳಿ ಸಾಯೋಕೆ ಹೊರಟಿದ್ಯಾ? ನಾನೇನು ಒಬ್ಬಳೇ ಬದುಕಿ ಗುಡ್ಡೆ ಹಾಕ್ಬೇಕಿತ್ತಾ?"

ಡಾಕ್ಟ್ರಮ್ಮ ಅವಳ ಭುಜ ಹಿಡ್ಕೊಂಡ್ರು. "ನೀವು ಆ ಪುಡಿಯಿಂದಾನೇ ಉಳಿದ್ರಿ ಅಂತ ನಾನು ಹೇಳೋಕಾಗಲ್ಲ, ಅದಿಲ್ಲದೆ ಇವರಿಗೆ ಹೀಗಾಯ್ತು ಅಂತಾನೂ ಹೇಳೋಕಾಗಲ್ಲ. ಇಬ್ಬರನ್ನ ನೋಡಿ ಏನೂ ಗೊತ್ತಾಗಲ್ಲ. ಎಷ್ಟೋ ಜನರದ್ದು ಸೇರಿಸಿ ನೋಡ್ಬೇಕು. ಒಂದಂತೂ ನಿಜ, ಹೊತ್ತಿಗೆ ಸರಿಯಾಗಿ ಬಂದು ತೋರಿಸ್ಕೊಂಡಿದ್ದಕ್ಕೆ ಇವರು ಕೈಗೆ ಸಿಕ್ಕಿದ್ದು."

ಅಮ್ಮ ಎಷ್ಟೋ ದಿನ ಮಾವನ ಹತ್ರ ಮಾತು ಬಿಟ್ಳು. ತಟ್ಟೆ ಇಡೋಳು, ಹೋಗೋಳು. ಆದ್ರೆ ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಆ ಡ್ರಿಪ್ ಔಷಧಿ ಮಾವನ ನಾಲಿಗೇನೇ ಕಿತ್ಕೊಂಡುಬಿಡ್ತು. ಏನು ತಿಂದ್ರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ ಅಂತಿದ್ರು. ಡೈರಿಗೆ ವಾಪಸ್ ಹೋದ್ರು, ಕಟ್ಟೆ ಮೇಲೆ ಬೇರೆಯವರು ನಿಂತಿದ್ರು. ಮಾವಂಗೆ ಗೇಟಲ್ಲಿ ಗಾಡಿ ನಂಬರ್ ಬರ್ಕೊಳ್ಳೋ ಕೆಲಸ ಕೊಟ್ರು. ಡ್ರೈವರ್‌ಗಳು ಈಗಲೂ ನಾಲಿಗೆಯಣ್ಣ ಅಂತಾನೇ ಕರೆಯೋರು. ಮಾವ ಕೈ ಎತ್ತೋರು, ಅಷ್ಟೇ.

ಕೊನೆಗೆ ಅಮ್ಮನೇ ಸೋತ್ಳು. ದಿನಾ ಬೆಳಿಗ್ಗೆ ಒಂದು ಲೋಟ ಹಾಲು ತಂದು ಮುಂದೆ ಇಡೋಳು. "ಹೇಗಿದೆ?"

"ಗೊತ್ತಾಗ್ತಿಲ್ಲ."

ಮಾರನೇ ದಿನ ಮತ್ತೆ. "ಹೇಗಿದೆ?"

"ಗೊತ್ತಾಗ್ತಿಲ್ಲ, ಪುಟ್ಟಿ."

ಒಂದು ದಿನ ಅವಳಿಗೆ ತಡ್ಕೊಳ್ಳೋಕಾಗ್ಲಿಲ್ಲ. "ಚೆನ್ನಾಗಿದೆ ಅಂತ ಸುಳ್ಳಾದ್ರೂ ಹೇಳೋ."

"ಒಂದ್ಸಲ ಹೇಳಿದ್ದಕ್ಕೇ ಇಷ್ಟು ದಿನ ಮಾತು ಬಿಟ್ಟೆ. ಇನ್ನೊಂದು ಹೇಳ್ಲಾ?"

ಡ್ರಿಪ್ ಮುಗಿದು ಎಷ್ಟೋ ತಿಂಗಳಾಗಿತ್ತು. ಹೋದ ವಾರ ಬೆಳಿಗ್ಗೆ ಅಮ್ಮ ಹಾಲು ಒಲೆ ಮೇಲಿಟ್ಟು ಫೋನಲ್ಲಿ ಮಾತಾಡ್ತಾ ನಿಂತುಬಿಟ್ಳು. ಓಡಿ ಬಂದು ಇಳಿಸಿ, ಸೋಸಿ, ಎಂದಿನ ಹಾಗೆ ಲೋಟ ತಂದಿಟ್ಳು. ಮಾವ ಒಂದು ಗುಟುಕು ಬಾಯಿಗೆ ಹಾಕ್ಕೊಂಡ್ರು. ನುಂಗ್ಲಿಲ್ಲ. ಬಾಯಲ್ಲೇ ಹೊರಳಿಸಿದ್ರು. ಕಣ್ಣು ಮುಚ್ಚಿ ಮತ್ತೊಂದ್ಸಲ ಹೊರಳಿಸಿದ್ರು. ಆಮೇಲೆ ನಿಧಾನಕ್ಕೆ ಹಿಂಗೈ ಮೇಲೆ ಬಂದು ತುಟಿ ಒರೆಸ್ತು.

"ಪುಟ್ಟಿ, ತಳ ಹಿಡಿಸಿದ್ಯಾ?"

ಅಮ್ಮ ಅಲ್ಲೇ ನೆಲದ ಮೇಲೆ ಕೂತ್ಬಿಟ್ಳು. ಸೆರಗಲ್ಲಿ ಮುಖ ಮುಚ್ಕೊಂಡು, "ಹೂಂ ಅಣ್ಣ, ಹಿಡಿಸಿದೆ, ಪೂರ್ತಿ ಸೀದುಹೋಗಿದೆ" ಅಂತ ಅಳ್ತಾ ಅಳ್ತಾನೇ ಹೇಳಿದ್ಳು. ಮಾವ ಆ ಸೀದ ಹಾಲನ್ನ ಒಂದು ಹನೀನೂ ಬಿಡದೆ ಕುಡಿದ್ರು.